ಏಳು ಟೇಕಿನ ದೂರು

ಸಿನಿಮಾ ಮುಗಿದು ದೀಪ ಹತ್ತಿದ ಕೂಡಲೇ ಯಾರಾದರೊಬ್ಬರು ಎದ್ದು ನಿಂತು ಅದೇ ಪ್ರಶ್ನೆ ಕೇಳುತ್ತಾರೆ. ಊರಾಚೆಯವರು, ಯಾರಿಗೂ ಬೇಡದವರು, ಎಲ್ಲಿಂದಲೋ ಬಂದವರು, ಇವರ ಮೇಲೇ ನಿಮಗೆ ಯಾಕೆ ಇಷ್ಟು ಸೆಳೆತ? ನಾನು ಗಡ್ಡ ಕೆರೆದುಕೊಂಡು, ಮೈಕನ್ನು ಬಾಯಿಯ ಹತ್ತಿರ ತಂದು, ಅಂಚಿನಲ್ಲಿ ನಿಂತವರಿಗೆ ನಡುವೆ ಇರುವವರು ಚೆನ್ನಾಗಿ ಕಾಣುತ್ತಾರೆ ಎಂದೇನೋ ಹೇಳುತ್ತೇನೆ. ಚಪ್ಪಾಳೆ ಬೀಳುತ್ತದೆ. ಅದು ಸುಳ್ಳು. ಹೊರಗಿನವರ ಮೇಲೆ ನನಗಿರುವುದು ಸೆಳೆತವಲ್ಲ. ಒಳಗಿನವರನ್ನು ಕಂಡರೆ ನನಗೆ ಹೆದರಿಕೆ, ಅಷ್ಟೆ. ಚಿಕ್ಕಂದಿನಿಂದ ನಾನು ಪುಕ್ಕಲ. ಇಪ್ಪತ್ತು ವರ್ಷ ಸಿನಿಮಾ ಮಾಡಿದ ಮೇಲೂ ಪುಕ್ಕಲನೇ.

ಅಪ್ಪ ಮಲೇರಿಯಾ ವರ್ಕರ್ ಆಗಿದ್ದರು. ಮನೆಮನೆಗೆ ಹೋಗಿ ಜ್ವರ ವಿಚಾರಿಸಿ, ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡು, ಬಾಗಿಲ ಪಕ್ಕದ ಗೋಡೆಯ ಚೌಕದಲ್ಲಿ ತಾರೀಕು ಬರೆದು ಬರುವುದು ಅವರ ಕೆಲಸ. ಹೊಸನಗರ, ಕೋಣಂದೂರು, ತೀರ್ಥಹಳ್ಳಿ, ಕೊನೆಗೆ ಸಾಗರ ಹೀಗೆ ವರ್ಗವಾದಲ್ಲೆಲ್ಲ ನಮಗೊಂದು ಬಾಡಿಗೆ ಮನೆ. ಸಾಮಾನು ಇಳಿಸಿ ಮುಗಿಯುವುದರೊಳಗೆ ಪಕ್ಕದ ಮನೆಯಿಂದ ಒಂದು ಪ್ರಶ್ನೆ ಬರುತ್ತಿತ್ತು, ‘ನೀವು ಎಂತ ಜನ?’ ಅಂತ. ಅಮ್ಮ ಮುಖ ಸಡಿಲಿಸದೆ ‘ಹೆಲ್ತ್ ಇಲಾಖೆ ಜನ’ ಎನ್ನುತ್ತಿದ್ದಳು. ಕೇಳಿದವರು ನಕ್ಕು, ಇನ್ನೊಂದು ದಾರಿಯಿಂದ ಅದನ್ನೇ ಕೇಳುತ್ತಿದ್ದರು.

ಕೋಣಂದೂರಿನಲ್ಲಿದ್ದಾಗ ಪಕ್ಕದ ಮನೆಯವರ ಬೆಳ್ಳಿಯ ಕುಂಕುಮದ ಬಟ್ಟಲು ಕಾಣೆಯಾಯಿತು. ನಮ್ಮನ್ನು ಯಾರೂ ಒಂದು ಮಾತು ಅನ್ನಲಿಲ್ಲ. ದಿನಾ ಮಜ್ಜಿಗೆ ಹೆಪ್ಪಿಗೆ ನಮ್ಮ ಮನೆಗೆ ಬರುತ್ತಿದ್ದ ಆ ಮನೆಯ ಹೆಂಗಸು ಬರುವುದನ್ನು ನಿಲ್ಲಿಸಿದಳು, ಅಷ್ಟೆ. ಅಮ್ಮ ಮೂರು ದಿನ ಊಟ ಮಾಡಲಿಲ್ಲ. ನನಗೆ ಆಗ ಒಂಬತ್ತು ವರ್ಷ. ನಾನೇ ಕದ್ದಿದ್ದೇನೇನೋ ಎಂಬಂತೆ ಚಡ್ಡಿಯ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಾಲ್ಕನೇ ದಿನ ಬಟ್ಟಲು ಅವರದೇ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಆ ಹೆಂಗಸು ಮತ್ತೆ ಹೆಪ್ಪಿಗೆ ಬಂದಳು. ಅಮ್ಮ ಕೊಟ್ಟಳು. ಯಾರೂ ಆರೋಪ ಮಾಡಿರಲಿಲ್ಲವಾದ್ದರಿಂದ ಯಾರೂ ಕ್ಷಮೆ ಕೇಳುವ ಪ್ರಮೇಯವೂ ಇರಲಿಲ್ಲ. ಊರು ಎಂದರೆ ಏನು ಎಂಬುದು ನನಗೆ ಗೊತ್ತಾದದ್ದು ಆ ನಾಲ್ಕು ದಿನಗಳಲ್ಲಿ.

ಮುಂದೆ ನಾನು ಸಿನಿಮಾ ಮಾಡಿದೆ. ಮೊದಲನೆಯದು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ನೇಮಿಸದೆ, ಯಾರೂ ಕೇಳದೆ, ಬೆಳಗಿನಿಂದ ಸಂಜೆಯವರೆಗೆ ಬಸ್ಸುಗಳ ಹೆಸರು ಕೂಗುತ್ತಿದ್ದ ಒಬ್ಬನ ಕುರಿತು. ಎರಡನೆಯದು ಹೊಸನಗರದ ಹತ್ತಿರ ಜಂಬಿಟ್ಟಿಗೆ ಕಲ್ಲು ಕೀಳಲು ಪರರಾಜ್ಯದಿಂದ ಬಂದು ಕ್ವಾರಿಯಲ್ಲೇ ಟಾರ್ಪಾಲು ಕಟ್ಟಿಕೊಂಡಿದ್ದ ಒಂದು ಸಂಸಾರದ್ದು. ಎರಡರಲ್ಲೂ ನಟರಿಲ್ಲ, ಅವರವರ ಪಾತ್ರವನ್ನು ಅವರವರೇ ಮಾಡಿದರು. ನಮ್ಮದು ಆರು ಜನರ ತಂಡ, ಒಂದು ಜೀಪು, ಕೇಳಿ ತಂದ ಕ್ಯಾಮೆರಾ. ಮಾತನ್ನು ಅಲ್ಲೇ, ಆಗಲೇ ಹಿಡಿಯಬೇಕು, ಸ್ಟುಡಿಯೋದಲ್ಲಿ ಮತ್ತೆ ಹೇಳಿಸಬಾರದು ಎನ್ನುವುದು ನನ್ನ ಹಟ. ಅದಕ್ಕೇ ಒಂದೊಂದು ಮಾತನ್ನೂ ನನ್ನ ಕಿವಿಗೆ ನಿಜ ಅನ್ನಿಸುವವರೆಗೆ ಹೇಳಿಸುತ್ತಿದ್ದೆ. ‘ಇನ್ನೊಂದು ಸಲ’ ಎನ್ನುವುದೇ ನನ್ನ ಅಡ್ಡಹೆಸರಾಗಿತ್ತು. ಎರಡನೆಯ ಸಿನಿಮಾ ಎಲ್ಲೆಲ್ಲೋ ಹೋಗಿ ಬಂತು. ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ದನಿ ಇಲ್ಲದವರಿಗೆ ದನಿ ಕೊಟ್ಟವನು ಎಂದು ಬರೆದಿದ್ದರು. ನಾನು ಅದನ್ನು ಕತ್ತರಿಸಿ ಇಟ್ಟುಕೊಂಡೆ. ತಲೆ ಸ್ವಲ್ಪ ತಿರುಗಿತ್ತು, ಒಪ್ಪಿಕೊಳ್ಳುತ್ತೇನೆ.

ಮೂರನೆಯ ಸಿನಿಮಾದ ಹೆಂಗಸು ಸಿಕ್ಕಿದ್ದು ತುಮರಿಯಿಂದಲೂ ಆಚೆ, ಹಿನ್ನೀರಿನ ಅಂಚಿನ ಒಂದು ಹಳ್ಳಿಯಲ್ಲಿ. ಆಗಿನ್ನೂ ಸೇತುವೆ ಆಗಿರಲಿಲ್ಲ. ನೀರಿನ ನಡುವೆ ಕಂಬಗಳು ಮಾತ್ರ ಎದ್ದಿದ್ದವು. ಲಾಂಚಿನಲ್ಲಿ ಜೀಪು ಹತ್ತಿಸಿಕೊಂಡು ಹೋಗಬೇಕಿತ್ತು. ಇಪ್ಪತ್ತೆಂಟು ವರ್ಷದ ಹಿಂದೆ ಬಯಲುಸೀಮೆಯಿಂದ ರಸ್ತೆ ಕೆಲಸದ ಗುಂಪಿನ ಜೊತೆ ಗಂಡನೊಂದಿಗೆ ಬಂದವಳು ಅವಳು. ಅದೇ ಮಳೆಗಾಲದಲ್ಲಿ ಗಂಡ ಜ್ವರ ಬಂದು ತೀರಿಕೊಂಡ. ಗುಂಪು ಹೋಯಿತು, ಇವಳು ಉಳಿದಳು. ಕಾನುಕಾಡಿನ ಅಂಚಿನಲ್ಲಿ ಒಂದು ಗುಡಿಸಲು. ಹಿಡಿ, ಅಂದರೆ ಪೊರಕೆ, ಕಟ್ಟುತ್ತಿದ್ದಳು, ಸೀಗೆಕಾಯಿ ಆರಿಸುತ್ತಿದ್ದಳು, ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಹೆಕ್ಕಿ ಸಿಪ್ಪೆ ಒಣಗಿಸುತ್ತಿದ್ದಳು. ಊರು ಅವಳನ್ನು ಕರೆಯುತ್ತಿದ್ದದ್ದು ‘ಅತ್ಲಾಗಿನೋಳು’ ಎಂದು. ಅವಳ ಹೆಸರು ಕೇಳಿದರೆ ರೇಷನ್ ಅಂಗಡಿಯವನೂ ಕಾರ್ಡು ನೋಡಿ ಹೇಳಬೇಕಿತ್ತು. ಯಾರೂ ಅವಳನ್ನು ಬೈದವರಲ್ಲ, ಹೊಡೆದವರಲ್ಲ. ಯಾವುದಕ್ಕೂ ಕರೆದವರೂ ಅಲ್ಲ.

ಗುಡಿಸಲಿದ್ದ ಜಾಗಕ್ಕೆ ಕಾಗದ ಇರಲಿಲ್ಲ. ಒಂದು ಕಡೆ ಕಂದಾಯದ್ದು, ಇನ್ನೊಂದು ಕಡೆ ಅರಣ್ಯದ್ದು, ನಡುವೆ ಇವಳು. ಊರಿನವರಲ್ಲಿ ಯಾರಾದರೊಬ್ಬರು ಒಂದು ಅರ್ಜಿ ಬರೆದು ಹಾಕಿದ್ದರೆ ಅವಳು ಮರುದಿನವೇ ಪಾತ್ರೆ ಕಟ್ಟಿಕೊಂಡು ಎದ್ದು ಹೋಗಬೇಕಿತ್ತು. ಹೋಗಲು ಬೇರೆ ಎಲ್ಲಿಯೂ ಜಾಗವಿರಲಿಲ್ಲ. ಅವಳೇ ನನಗೆ ಅದನ್ನು ಹೇಳಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಬರೆದಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳುತ್ತೇನೆ.

ನಮ್ಮ ಕಡೆ ತೋಟದ ಬೇಲಿಗೆ, ಗೇಟಿಗೆ, ಹೊಸ ಮನೆಯ ಗೋಡೆಗೆ ಒಂದು ತಗಡಿನ ಬೋರ್ಡು ಹಾಕುವ ರೂಢಿಯಿದೆ. ‘ಈ ಜಾಗಕ್ಕೆ ಅಮ್ಮನ ಕಾವಲಿದೆ, ಎಚ್ಚರಿಕೆ’ ಎಂದು ಅದರಲ್ಲಿ ಬರೆದಿರುತ್ತದೆ. ದೇವಿಯ ಗುಡಿಗೆ ಹೋಗಿ, ನನ್ನದು ಹೀಗೆ ಕಳುವಾಗಿದೆ, ಅಥವಾ ಕಳುವಾಗುವ ಭಯವಿದೆ, ನೀನೇ ನೋಡಿಕೋ ಎಂದು ದೂರು ಕೊಟ್ಟು ಬಂದು ಬೋರ್ಡು ಹಾಕುತ್ತಾರೆ. ಪೊಲೀಸ್ ಠಾಣೆಗಿಂತ ಇದು ಗಟ್ಟಿ. ಬೀಗ ಒಡೆಯುವವನೂ ಆ ಬೋರ್ಡು ಕಂಡರೆ ಚಪ್ಪಲಿ ಬಿಟ್ಟು ಕೈ ಮುಗಿದು ಹೋಗುತ್ತಾನೆ. ಮೊದಲೇ ಏನಾದರೂ ತೆಗೆದುಕೊಂಡು ಹೋಗಿದ್ದವನು ಸದ್ದಿಲ್ಲದೆ ತಂದಿಟ್ಟು ಹೋಗುತ್ತಾನೆ. ಕೊಟ್ಟ ದೂರನ್ನು ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಬೇರೆ ಯಾರಿಂದಲೂ ಆಗದು. ದೂರು ಸುಳ್ಳಾಗಿದ್ದರೆ ಅದು ಕೊಟ್ಟವರ ಮೇಲೇ ತಿರುಗುತ್ತದೆ ಎಂದು ನಂಬಿಕೆ.

ಸಿನಿಮಾಕ್ಕೆ ಅಂಥದೊಂದು ದೃಶ್ಯ ಬೇಕು ಎಂದು ನನಗೆ ಹೊಳೆಯಿತು. ಒಣ ಹಾಕಿದ ಸೀಗೆಕಾಯಿ ಕಳುವಾಗಿದೆ. ಹೊರಗಿನಿಂದ ಬಂದವಳು ಈ ನೆಲದ ದೇವತೆಗೇ ಮೊರೆ ಹೋಗುತ್ತಾಳೆ. ಕಾಗದದಲ್ಲಿ ಓದಲು ಚೆಂದವಾಗಿತ್ತು. ಸಾಗರದ ಪೇಂಟರ್ ಹತ್ತಿರ ಹಳದಿ ತಗಡಿಗೆ ಕೆಂಪು ಅಕ್ಷರ ಬರೆಸಿ ತಂದೆವು. ಅವಳ ಗುಡಿಸಲಿಗೆ ಹೋಗುವ ದಾರಿ ತಿರುಗುವಲ್ಲಿ ಒಂದು ಮತ್ತಿಮರ. ಆ ದಾರಿಯಲ್ಲೇ ಊರಿನವರೂ ಸೊಪ್ಪಿಗೆ, ಸೌದೆಗೆ ಹೋಗುವುದು. ಬೋರ್ಡನ್ನು ಆ ಮರಕ್ಕೆ ಹೊಡೆದೆವು. ಅವಳು ಮರದೆದುರು ಕೈ ಮುಗಿದು, ‘ನಂದು ತಗೊಂಡೋರ್ನ ನೀನೇ ನೋಡ್ಕೊ ತಾಯಿ’ ಎನ್ನಬೇಕು.

ಅವಳು ಹಿಂಜರಿದಳು. ನಂದೇನೂ ಕಳುವಾಗಿಲ್ಲವಲ್ಲ ಎಂದಳು. ಇದು ಕತೆ, ನೀವಲ್ಲ ಹೇಳುವುದು, ಪಾತ್ರ ಹೇಳುವುದು ಎಂದು ನಾನು ದೊಡ್ಡ ಪಾಠ ಮಾಡಿದೆ. ಪಾತ್ರ ಅಂದರೆ ಅವಳಿಗೆ ಅನ್ನ ಬೇಯಿಸುವುದು. ಕೊನೆಗೆ, ಕೂಲಿ ಕೊಡುವವರ ಮಾತು ಮೀರಬಾರದು ಎನ್ನುವ ಮುಖದಲ್ಲಿ ಹೋಗಿ ನಿಂತಳು. ಶೂಟಿಂಗ್ ನೋಡಲು ಊರಿಗೆ ಊರೇ ಬಂದು ದಿಣ್ಣೆಯ ಮೇಲೆ ಕೂತಿತ್ತು. ಮೊದಲ ಸಲ ಮಾತು ತಡವರಿಸಿತು. ಎರಡನೆಯ ಸಲ ಮೇಲಿನಿಂದ ಮಂಗಟ್ಟೆ ಹಕ್ಕಿ ಹಾರಿ ರೆಕ್ಕೆಯ ಸದ್ದು ಮಾತಿನ ಮೇಲೆ ಬಿತ್ತು. ನಮ್ಮ ತಂಡದಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದ ಗೆಳತಿ ಬೇಡವೆಂದು ತಲೆಯಾಡಿಸಿದಳು. ಮೂರನೆಯದು ನನಗೆ ಒಪ್ಪಿಗೆಯಾಗಲಿಲ್ಲ. ಇನ್ನೊಂದು ಸಲ, ಇನ್ನೊಂದು ಸಲ ಎಂದು ಏಳು ಸಲ ಹೇಳಿಸಿದೆ. ಏಳನೆಯ ಸಲ ಅವಳ ದನಿ ನಡುಗಿತು. ನಾನು ಖುಷಿಯಿಂದ ಕೈ ಎತ್ತಿ ಓಕೆ ಎಂದೆ. ಈಗ ಸಿನಿಮಾದಲ್ಲಿರುವುದು ಅದೇ. ಆ ನಡುಕವನ್ನು ನೋಡಿದವರೆಲ್ಲ ಹೊಗಳುತ್ತಾರೆ. ಅವಳು ಅಲ್ಲಿ ನಟಿಸುತ್ತಿರಲಿಲ್ಲ.

ದಿಣ್ಣೆಯ ಮೇಲೆ ಕೂತವರು ಒಬ್ಬೊಬ್ಬರಾಗಿ ಎದ್ದು ಹೋಗಿದ್ದನ್ನು ನಾನು ಗಮನಿಸಲಿಲ್ಲ. ಗೆಳತಿ ಗಮನಿಸಿದ್ದಳು. ಹಿಂದಿನ ದಿನಗಳಲ್ಲಿ ಸಂಜೆಯವರೆಗೂ ಕೂರುತ್ತಿದ್ದವರು ಏಳನೆಯ ಸಲ ಮುಗಿಯುವ ಹೊತ್ತಿಗೆ ಯಾಕೆ ಖಾಲಿಯಾದರು ಎಂದು ಕೇಳಿದಳು. ಬೇಜಾರಾಗಿರಬೇಕು ಎಂದೆ. ನಮ್ಮ ಭಾಷೆಯಲ್ಲಿ ಅದು ಟೇಕು, ಒಪ್ಪಿಗೆಯಾಗದ್ದು ಕಸ. ಅವರ ಕಿವಿಗೆ ಅಂಥ ವ್ಯತ್ಯಾಸವಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರಿನ ಕಣ್ಣೆದುರಿಗೇ ಅತ್ಲಾಗಿನೋಳು ಮರದ ಮುಂದೆ ನಿಂತು ಊರಿನ ಮೇಲೆ ಏಳು ಸಲ ದೂರು ಕೊಟ್ಟಿದ್ದಳು.

ಎರಡು ದಿನದ ಮೇಲೆ ಮಳೆ ಹಿಡಿಯಿತು. ಕ್ಯಾಮೆರಾ ನೆನೆಯುತ್ತದೆಂದು ಗಡಿಬಿಡಿಯಲ್ಲಿ ಕಟ್ಟಿಕೊಂಡು ಲಾಂಚ್ ಹತ್ತಿದೆವು. ಸಾಗರದ ನನ್ನ ಮನೆಯ ಮಹಡಿಯಲ್ಲಿ ಎಡಿಟಿಂಗ್ ಶುರುವಾಯಿತು. ಒಂದು ತಿಂಗಳ ಮೇಲೆ ಆ ದೃಶ್ಯ ಪರದೆಯ ಮೇಲೆ ಬಂದಾಗ ಚಿತ್ರ ನಿಲ್ಲಿಸಿದೆ. ಬೋರ್ಡು ಎಲ್ಲಿ? ಒಬ್ಬೊಬ್ಬರಿಗೂ ಫೋನ್ ಮಾಡಿದೆ. ನೀವು ತಂದಿರಿ ಅಂದುಕೊಂಡೆ, ಅವರು ತಂದರು ಅಂದುಕೊಂಡೆ. ಯಾರೂ ತಂದಿರಲಿಲ್ಲ.

ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು. ದೇವರಿಲ್ಲ ಎಂದು ಸಂದರ್ಶನಗಳಲ್ಲಿ ಹೇಳಿಕೊಂಡು ತಿರುಗುವವನು ನಾನು. ಆದರೂ ದೇವಿಯ ಹೆಸರಿನಲ್ಲಿ ಸುಳ್ಳು ಬೋರ್ಡು ಹೊಡೆದು ಬಂದಿದ್ದೇನೆ ಎಂಬುದು ಊಟಕ್ಕೆ ಕೂತಾಗ, ಸ್ನಾನಕ್ಕೆ ಹೋದಾಗ ನೆನಪಾಗುತ್ತಿತ್ತು. ಅಮ್ಮನಿಗೆ ಹೇಳಿದೆ. ಅವಳು, ದೇವಿ ವಿಚಾರ ಹಾಗಿರಲಿ, ಆ ಹೆಂಗಸಿನ ಗತಿ ಏನು ಎಂದಳು. ಬಾಡಿಗೆ ಮನೆಗಳಲ್ಲಿ ಆಯಸ್ಸು ಕಳೆದವಳಿಗೆ ಎಲ್ಲಿ ನೋಡಬೇಕೆಂದು ಗೊತ್ತಿತ್ತು. ನನಗೆ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಹೆದರಿಕೆಯಲ್ಲೂ ನಾನು ನನ್ನ ಬಗ್ಗೆಯೇ ಯೋಚಿಸುತ್ತಿದ್ದೆ.

ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಎಂದು ಮುಂದೂಡುತ್ತಿರುವಾಗಲೇ ರೇಷನ್ ಅಂಗಡಿಯವನ ಫೋನು ಬಂತು. ಶೂಟಿಂಗ್ ಉದ್ದಕ್ಕೂ ನಮಗೆ ಊಟ ಹಾಕಿದ ಮನೆ ಅವನದು. ಮೊದಲು ಮಳೆ ಹೇಗಿದೆ ಎಂದು ಕೇಳಿದ, ಅಮ್ಮ ಹೇಗಿದ್ದಾರೆ ಎಂದು ಕೇಳಿದ. ಆಮೇಲೆ ನಿಧಾನಕ್ಕೆ ವಿಷಯಕ್ಕೆ ಬಂದ.

ನಾವು ಊರು ಬಿಟ್ಟ ವಾರದಿಂದಲೇ ಮತ್ತಿಮರದ ಬುಡದಲ್ಲಿ ಸಾಮಾನು ಕಾಣಿಸಿಕೊಳ್ಳತೊಡಗಿತ್ತಂತೆ. ಒಂದು ಕತ್ತಿ, ಒಂದು ಸ್ಟೀಲಿನ ಕೊಡ, ಒಂದು ಹಗ್ಗದ ಸುರುಳಿ, ಕಾಲು ಕಟ್ಟಿದ ಒಂದು ಕೋಳಿ. ಅವಳಿಂದ ಯಾರೂ ಏನೂ ಕದ್ದವರಲ್ಲ; ಕದಿಯುವುದಕ್ಕೆ ಅವಳಲ್ಲಿ ಇದ್ದದ್ದಾದರೂ ಏನು? ಆದರೆ ಕುಂಬಳಕಾಯಿ ಕಳ್ಳ ಅಂದರೆ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಒಬ್ಬರ ತೋಟದಿಂದ ಒಬ್ಬರು, ದಾಯಾದಿಯ ಕಣದಿಂದ ದಾಯಾದಿ ಎತ್ತಿಕೊಂಡು ಹೋಗಿದ್ದೆಲ್ಲ, ವಾಪಸ್ಸು ಕೊಡಲು ಮುಖವಿಲ್ಲದೆ ಇಟ್ಟುಕೊಂಡಿದ್ದೆಲ್ಲ ಆ ಮರದ ಬುಡಕ್ಕೆ ಬಂತು. ಯಾರೂ ಏನನ್ನೂ ಬಾಯಿ ಬಿಟ್ಟು ಹೇಳಲಿಲ್ಲ. ಜನ ಅವಳನ್ನು ಮಾತನಾಡಿಸತೊಡಗಿದರು. ರೇಷನ್ ಕ್ಯೂನಲ್ಲಿ ಮುಂದೆ ಬಿಟ್ಟರು. ಒಂದು ಮದುವೆಗೆ ಮನೆಗೇ ಹೋಗಿ ಕರೆದರು. ಹೋಗುವಾಗ ಬರುವಾಗ ಗುಡಿಸಲ ಅಂಗಳಕ್ಕೆ ಕಾಲಿಟ್ಟು ಆರಾಮಾ ಎಂದು ಕೇಳಿದರು. ಅಂಗಡಿಯವನು ಇದನ್ನು ಹೇಳುವಾಗ ನನಗೆ ನಗು ಬಂತು. ನಗುವುದು ಬೇಡ ಸಾರ್ ಎಂದ.

ಹೋದ ವಾರ ಅವನ ಅಣ್ಣ ಗುಡಿಸಲ ಹಿಂದಿನ ಉಪ್ಪಾಗೆ ಮರ ಹತ್ತಿದ್ದ. ಅದು ಯಾರ ಮರವೂ ಅಲ್ಲ, ಆದರೆ ವರ್ಷವೂ ಹಣ್ಣು ಹೆಕ್ಕುತ್ತಿದ್ದವಳು ಅವಳು. ಮಳೆಗೆ ಜಾರುವ ಮರ. ಕೆಳಗೆ ಬಿದ್ದವನಿಗೆ ಸೊಂಟದಿಂದ ಕೆಳಗೆ ಸ್ಪರ್ಶ ಇಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಊರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ: ಕಾವಲಿರುವ ಜಾಗಕ್ಕೆ ಕೈ ಹಾಕಿದ, ಬಿದ್ದ. ಮನೆಯವರು ಅವಳ ಹತ್ತಿರ ಹೋಗಿ, ದೂರು ವಾಪಸ್ಸು ತಗೋ, ಅವನು ಎದ್ದು ಕೂರಲಿ ಎಂದು ಬೇಡಿಕೊಂಡರಂತೆ. ಅವಳು, ನಾ ಕೊಟ್ಟಿದ್ದಲ್ಲ, ಹೆಂಗ ತಗೊಳ್ಲಿ ಎಂದಳಂತೆ. ಅದನ್ನು ಅವರು ಹಟ ಎಂದು ತಿಳಿದರು.

‘ಅರ್ಜಿ ಬರ್ದಾಗಿದೆ ಸಾರ್. ಹತ್ತು ಹನ್ನೆರಡು ಸಹಿನೂ ಬಿದ್ದಿದೆ. ಸೋಮವಾರ ಸಾಗರಕ್ಕೆ ತಗಂಡು ಹೋಗ್ತಾರೆ. ನಂದೂ ಸಹಿ ಕೇಳ್ತಾ ಇದಾರೆ, ಬಿದ್ದೋನು ನನ್ನಣ್ಣ, ನಾನು ಎಂತ ಹೇಳ್ಲಿ?’

ಅವತ್ತು ಶುಕ್ರವಾರ. ನಾನು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಉಪಾಯ ಹುಡುಕಿದೆ. ನೀವೇ ಹೋಗಿ ಬೋರ್ಡು ಕಿತ್ತುಬಿಡಿ, ಅದು ಬರೀ ತಗಡು, ಸಾಗರದ ಪೇಂಟರ್ ಬರೆದದ್ದು ಎಂದೆ.

‘ನೀವು ಗುಡಿಗೆ ಹೋಗ್ದೆ ಇರ್ಬೋದು ಸಾರ್. ಅವ್ಳು ಹೇಳಿದ್ದು ಕೇಳ್ಬೇಕಾದೋರಿಗೆ ಕೇಳಿದೆ. ಹೇಳ್ಸಿದೋರೇ ಬಂದು ತೆಗೀಬೇಕು.’

ಶನಿವಾರ ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೊರಟೆ. ಒಬ್ಬನೇ ಹೋಗುವ ಧೈರ್ಯ ಇರಲಿಲ್ಲ. ನನಗಿದ್ದ ಹೆದರಿಕೆ ಒಂದಲ್ಲ. ಊರು ನನ್ನನ್ನು ಹಿಡಿದು ಏನು ಮಾಡುತ್ತದೋ ಎಂಬುದೊಂದು. ಅವಳ ಮುಖ ಹೇಗೆ ನೋಡುವುದು ಎಂಬುದೊಂದು. ಅದರ ಅಡಿಯಲ್ಲಿ, ಯಾರಿಗೂ ಹೇಳಿಕೊಳ್ಳಲಾಗದ ಇನ್ನೊಂದಿತ್ತು. ಸುಳ್ಳು ದೂರು ಕೊಟ್ಟವರ ಮೇಲೆ ತಿರುಗುತ್ತದೆ ಎನ್ನುತ್ತಾರಲ್ಲ, ಆ ಮಾತು. ನೀರು ದಾಟುವಾಗ ನಾನು ಅದನ್ನು ನಂಬುತ್ತಿದ್ದೆ. ಈ ಕಡೆಯ ದಡದಲ್ಲಿ ನಂಬಿಕೆ ಇಲ್ಲದವನು, ಆ ಕಡೆಯ ದಡದಲ್ಲಿ ಇಳಿದಾಗ ಜೀಪಿನ ಕೀಲಿಯನ್ನು ಗೆಳತಿಗೆ ಕೊಟ್ಟೆ. ಅವಳು ಏನೂ ಕೇಳದೆ ಸ್ಟೇರಿಂಗ್ ಹಿಡಿದಳು.

ಮತ್ತಿಮರದ ಹತ್ತಿರ ನಲವತ್ತು ಜನ ಸೇರಿದ್ದರು. ಮಳೆ ಬಿಟ್ಟಿತ್ತು. ಯಾರೂ ಜಗಳಕ್ಕೆ ಬರಲಿಲ್ಲ, ಯಾರೂ ದನಿ ಎತ್ತಲಿಲ್ಲ. ಒಬ್ಬರು ಕೂರಲು ಚೀಲ ಹಾಸಿಕೊಟ್ಟರು, ಇನ್ನೊಬ್ಬರು ಕುಡಿಯಲು ನೀರು ತಂದರು. ಅಷ್ಟು ಮರ್ಯಾದೆ ಕಂಡು ನನ್ನ ಜೀವ ಇನ್ನಷ್ಟು ಬಾಯಿಗೆ ಬಂತು. ಅಂಗಡಿಯವನ ತಾಯಿ, ಬಿದ್ದವನ ತಾಯಿ, ಮರದ ಎದುರಿಗೇ ಒಂದು ಕಲ್ಲಿನ ಮೇಲೆ ಕೂತಿದ್ದಳು. ವಯಸ್ಸಾದ ಹೆಂಗಸು, ಕಿವಿ ದೂರ. ಶೂಟಿಂಗ್ ದಿನಗಳಲ್ಲಿ ನಮಗೆ ಕಾಯಿಗಂಜಿ ಬಡಿಸಿದವಳು. ನನ್ನನ್ನು ನೋಡಿ ಬೈಯಲಿಲ್ಲ. ಸಣ್ಣಗಾಗಿದ್ದೀಯ ಎಂದಳು. ಅತ್ಲಾಗಿನೋಳು ಗುಂಪಿನಿಂದ ಮಾರು ದೂರದಲ್ಲಿ ಸೆರಗು ಹೊದ್ದು ನಿಂತಿದ್ದಳು. ಕಣ್ಣು ನನ್ನ ಮೇಲೆ ಇರಲಿಲ್ಲ, ಬೋರ್ಡಿನ ಮೇಲಿತ್ತು.

ಏನು ಹೇಳಬೇಕೆಂದು ಅಂಗಡಿಯವನು ಹೇಳಿಕೊಟ್ಟ. ನಾಲ್ಕೇ ಮಾತು. ದೂರು ಇವಳದ್ದಲ್ಲ, ನನ್ನದು. ಸುಳ್ಳು ದೂರು. ಹಿಂದಕ್ಕೆ ತಗೊಂಡಿದ್ದೇನೆ. ತಪ್ಪಿಗೆ ಬರುವುದು ನನಗೆ ಬರಲಿ. ನಾನು ಚಪ್ಪಲಿ ಬಿಟ್ಟು ಮರದ ಮುಂದೆ ನಿಂತೆ. ಹತ್ತು ದಿನ ಅವಳನ್ನು ನಿಲ್ಲಿಸಿ ನಡೆಸಿ ಮಾತು ಹೇಳಿಸಿದವನಿಗೆ ನಾಲ್ಕು ಮಾತು ಗಂಟಲಿನಿಂದ ಹೊರಡಲಿಲ್ಲ. ಹೇಗೋ ಹೇಳಿ ಮುಗಿಸಿದೆ.

ಮುದುಕಿ ಕೈಯನ್ನು ಕಿವಿಯ ಹಿಂದೆ ಹಿಡಿದಳು. ‘ಕೇಳ್ಲಿಲ್ಲ ಮಗಾ. ಜೋರಾಗಿ ಹೇಳು.’

ಜೋರಾಗಿ ಹೇಳಿದೆ. ಕೊನೆಯ ಮಾತಿಗೆ ಬಂದಾಗ ನನ್ನ ಬಾಯಿಂದ ಬಂದದ್ದು ‘ತಪ್ಪಿಗೆ ಬರೋದು ನಮಗೆ ಬರ್ಲಿ’ ಎಂದು. ಬೇಕೆಂದು ಹೇಳಿದ್ದಲ್ಲ. ಬೇಡವೆಂದೂ ಅಲ್ಲ. ಆರು ಜನರ ತಂಡಕ್ಕೆ ಹಂಚಿದರೆ ನನ್ನ ಪಾಲಿಗೆ ಕಡಿಮೆ ಬಂದೀತು ಎಂದು ಒಳಗಿನ ಯಾವುದೋ ಪುಕ್ಕಲು ಪ್ರಾಣಿ ಲೆಕ್ಕ ಹಾಕಿತ್ತು. ಪಕ್ಕದಲ್ಲಿ ನಿಂತ ಗೆಳತಿ ನನ್ನತ್ತ ತಿರುಗಿ ನೋಡಿದಳು. ಏನೂ ಕೇಳಿಸದ ಮುದುಕಿಗೆ ಆ ಒಂದು ಅಕ್ಷರ ಕೇಳಿಸಿಬಿಟ್ಟಿತ್ತು.

‘ನಮಗೆ ಅಂದ್ರೆ ಯಾರಿಗೆ?’ ಎಂದಳು.

ನಲವತ್ತು ಜನ ಕಾದರು. ಸಾಗರದಲ್ಲಿರುವ ಅಮ್ಮನ ಮುಖ ಕಣ್ಣೆದುರು ಬಂತು. ನನಗೆ ಬಂದದ್ದು ಅವಳಿಗೆ ಬರದೆ ಇರುತ್ತದೆಯೇ? ಕಣ್ಣು ಮುಚ್ಚಿ, ‘ನನಗೆ, ನನಗೊಬ್ಬನಿಗೆ’ ಎಂದೆ. ಮುದುಕಿ ತಲೆದೂಗಿದಳು. ಅಂಗಡಿಯವನು ಸುತ್ತಿಗೆ ಕೊಟ್ಟ. ನಾಲ್ಕು ಮೊಳೆ ಕಿತ್ತು ಬೋರ್ಡು ಇಳಿಸಿದೆ. ಬರೆದಿಟ್ಟ ಅರ್ಜಿಯನ್ನು ಮುದುಕಿ ತನ್ನ ಸೊಂಟದ ಚೀಲದಿಂದ ತೆಗೆದು ಹರಿದು ಹಾಕಿದಳು. ಇನ್ನು ಯಾರೂ ಸಾಗರಕ್ಕೆ ಹೋಗುವುದು ಬೇಡ ಎಂದಳು. ಅತ್ಲಾಗಿನೋಳ ಗುಡಿಸಲು ಉಳಿಯಿತು.

ನನಗೆ ಹಗುರವಾಯಿತು ಎಂದರೆ ಸಾಲದು, ಅಲ್ಲೇ ಕೂತು ಅತ್ತೆ. ಬಿದ್ದವನು ಆಮೇಲೆ ನಿಧಾನಕ್ಕೆ ಎದ್ದು ಕೂತ, ಈಗ ಕೋಲು ಹಿಡಿದು ನಡೆಯುತ್ತಾನೆ. ಡಾಕ್ಟರು ಆಪರೇಷನ್ ಮಾಡಿದರು. ಊರು ತನಗೆ ಗೊತ್ತಿರುವುದನ್ನು ನಂಬುತ್ತದೆ. ನನಗೆ ಏನೂ ಆಗಲಿಲ್ಲ. ಆದರೂ ಪ್ರತಿ ಸಲ ಅಮ್ಮನಿಗೆ ಕೆಮ್ಮು ಬಂದಾಗ ನನಗೆ ಆ ಮರ ನೆನಪಾಗುತ್ತದೆ.

ನಾನು ಕಣ್ಣೊರೆಸಿಕೊಂಡು ಎದ್ದಾಗ ಜನ ಗುಡಿಸಲ ಅಂಗಳದಲ್ಲಿದ್ದರು. ಒಬ್ಬ ತನ್ನ ಹಗ್ಗದ ಸುರುಳಿ ಕೇಳಿದ. ಒಬ್ಬಳು ಕೋಳಿ ಕೇಳಿದಳು. ಒರಟಾಗಿ ಅಲ್ಲ, ನಾಚಿಕೊಂಡು, ದೂರೇ ಇರಲಿಲ್ಲವಲ್ಲ ಇನ್ನೇನು ಎಂಬಂತೆ. ಮರದ ಬುಡದಿಂದ ಎತ್ತಿ ಒಳಗಿಟ್ಟಿದ್ದನ್ನು ಅವಳು ಒಂದೊಂದಾಗಿ ತಂದು ಕೊಟ್ಟಳು. ಬಳಸಿದ್ದು ಯಾವುದೂ ಇಲ್ಲ. ಕೊಡ ತೊಳೆದು ಕವುಚಿ ಇಟ್ಟಿದ್ದಳು, ಕತ್ತಿಗೆ ಎಣ್ಣೆ ಸವರಿದ್ದಳು. ಯಾರೂ ನೋಡದಾಗ ಇಟ್ಟು ಹೋದ ಸಾಮಾನು ಅದು. ಆದರೂ ಯಾವುದು ಯಾರದ್ದು ಎಂದು ಒಂದೂ ತಪ್ಪದೆ ಅವಳಿಗೆ ಗೊತ್ತಿತ್ತು. ಅರ್ಧ ಗಂಟೆಯಲ್ಲಿ ಅಂಗಳ ಖಾಲಿಯಾಯಿತು. ಹೋಗುವಾಗ ಯಾರೂ ಅವಳಿಗೆ ಬರುತ್ತೇವೆ ಎಂದು ಹೇಳಲಿಲ್ಲ. ಅದು ಕೋಪವಲ್ಲ. ಮೊದಲು ಹೇಗಿದ್ದರೋ ಹಾಗೆ ಆದರು.

ನಾನು ಕ್ಷಮೆ ಕೇಳಲು ಹೋದೆ. ಬಾಗಿಲ ಹೊರಗೆ ಕೂತು ಹಿಡಿ ಕಟ್ಟಲು ಶುರು ಮಾಡಿದ್ದಳು. ನಿಮ್ಮ ಮುಗ್ಧತೆಯನ್ನು ನಾನು ಬಳಸಿಕೊಂಡೆ, ಬೋರ್ಡು ಏನೆಂದು ನಿಮಗೆ ಗೊತ್ತೇ ಇರಲಿಲ್ಲ, ಜನ ಯಾಕೆ ತಂದಿಡುತ್ತಿದ್ದಾರೆಂದು ತಿಳಿಯಲೇ ಇಲ್ಲ ಎಂದೆಲ್ಲ ಶುರು ಮಾಡಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

‘ಗೊತ್ತಿತ್ತರಿ. ಓದಾಕ ಬರದಿದ್ರ ಏನಾತು, ಆ ಹಳದಿ ತಗಡ ಯಾರಿಗಿ ಗೊತ್ತಿಲ್ಲ? ಮೊದಲ್ನೇ ದಿನಾನೇ ಕಿತ್ತ ಒಗೀಬಹುದಿತ್ತು.’

ಮತ್ಯಾಕೆ ಕೀಳಲಿಲ್ಲ ಎಂದು ಕೇಳಿದೆ.

‘ಇಪ್ಪತ್ತೆಂಟು ವರ್ಸದಾಗ ಈ ಅಂಗಳಕ ಯಾರೂ ಬಂದಿದ್ದಿಲ್ಲ. ಹೆದ್ರಿ ಬಂದ್ರು, ಅದೂ ಗೊತ್ತಿತ್ತು. ಆದ್ರ ಬಂದ್ರು. ಕುಂದರ್ರಿ ಅಂದ್ರ ಕುಂತ್ರು. ನೀರ ಕೊಟ್ರ ಕುಡುದ್ರು.’

ನಾನು ಎದ್ದಾಗ ತಲೆ ಎತ್ತಿದಳು. ‘ಇನ್ನ ಯಾರ ಬರ್ತಾರ್ರಿ?’ ಎಂದಳು. ಅದರಲ್ಲಿ ಆಕ್ಷೇಪವಿರಲಿಲ್ಲ, ನಿಜಕ್ಕೂ ಕೇಳಿದಳು. ನಾನು ಬರುತ್ತೇನೆ ಎಂದೆ. ಸಿನಿಮಾ ಮುಗಿದ ಕೂಡಲೇ, ದೀಪಾವಳಿಗೆ ಖಂಡಿತ ಬರುತ್ತೇನೆ ಎಂದು ತಾರೀಕನ್ನೂ ಹೇಳಿದೆ. ಅವಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವಂತೆ ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು.

ಆ ದೀಪಾವಳಿ ಕಳೆದು ಎಷ್ಟೋ ದೀಪಾವಳಿ ಆಯಿತು. ಸಿನಿಮಾ ತಗೊಂಡು ನಾನು ಎಲ್ಲೆಲ್ಲಿಗೋ ಹೋಗಿ ಬಂದೆ. ಅವಳ ಅಂಗಳಕ್ಕೆ ಹೋಗಿಲ್ಲ. ಕೆಲಸ ಇತ್ತು, ಅಮ್ಮನಿಗೆ ಹುಷಾರಿರಲಿಲ್ಲ, ಅದೆಲ್ಲ ನಿಜವೇ. ಹೋಗದೆ ಇರುವುದಕ್ಕೆ ಕಾರಣ ಮಾತ್ರ ಅದಲ್ಲ. ಅವಳ ಎದುರು ಕೂರಲು ನನಗೆ ಹೆದರಿಕೆ. ಅಂಗಡಿಯವನು ಆಗೀಗ ಫೋನ್ ಮಾಡುತ್ತಾನೆ. ಅವಳು ಇದ್ದಾಳೆ, ಚೆನ್ನಾಗಿದ್ದಾಳೆ ಎನ್ನುತ್ತಾನೆ. ಪ್ರತಿ ವರ್ಷ ದೀಪಾವಳಿಯ ಹಿಂದಿನ ದಿನ ಅಂಗಡಿಗೆ ಬಂದು ಒಂದು ಪೊಟ್ಟಣ ಟೀಪುಡಿ ಕೇಳುತ್ತಾಳಂತೆ. ಅವಳು ಟೀ ಕುಡಿಯುವುದಿಲ್ಲ.